ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ನಾನು ಶಾಲೆ ಬಿಟ್ಟದ್ದು ೧೯೮೪ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಕಲಿತದ್ದೆಲ್ಲ ಹೋಟೆಲಿನಲ್ಲಿ. ಅಲ್ಲಿ ಟೇಬಲ್ ಒರೆಸಿದವನು ಸಪ್ಲೈಯರ್ ಆಗುತ್ತಾನೆ, ಸಪ್ಲೈಯರ್ ಆದವನು ಗಲ್ಲಾಕ್ಕೆ ಬರುತ್ತಾನೆ, ಎಲ್ಲವೂ ಸರದಿಯ ಪ್ರಕಾರ. ಹಾಗೆ ಬಂದೇ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನನ್ನದೇ ಹೋಟೆಲ್ ಆಯಿತು. ಕಾಯಿಲೆಗೂ ಸರದಿ ಇರುತ್ತದೆಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ? ನನಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷಗಳ ಮೇಲೆ ನನ್ನ ಹೆಂಡತಿಯ ತಮ್ಮ ಶೇಖರನಿಗೆ ಬಂತು. ಅವನು ಬಿ.ಕಾಂ., ಮಾಜಿವಾಡಾದಲ್ಲಿ ಎ.ಸಿ. ಆಫೀಸು. ಇರಲಿ, ಸಕ್ಕರೆಯಲ್ಲಿ ಅವನು ನನಗಿಂತ ಜೂನಿಯರ್.

ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಭಾನುವಾರದ ತರಗತಿ ಶುರುವಾಯಿತು. ಸಕ್ಕರೆ, ಬಿಪಿ ಎಂದು ಜನ್ಮಕ್ಕಂಟಿಕೊಂಡ ಕಾಯಿಲೆಯವರು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳಲು ಕಲಿಯುವ ತರಗತಿ. ನಡೆಸುವವರು ಧಾರವಾಡದ ಕಡೆಯ ನರ್ಸ್, ಸರೋಜಾ ಸಿಸ್ಟರ್. ವಾರಕ್ಕೊಂದು ಸಣ್ಣ ಕೆಲಸವನ್ನು ನಾವೇ ಆರಿಸಿ, ಮುಂದಿನ ವಾರ ಹೇಗಾಯಿತೆಂದು ಹೇಳಬೇಕು. ಕೊನೆಗೆ ನಮ್ಮಲ್ಲೇ ಒಬ್ಬರು ಮುಂದಿನ ತಂಡಕ್ಕೆ ಕಲಿಸಬೇಕು. ಆ ಕೆಲಸ ನನ್ನದೇ ಎಂದು ಮೊದಲ ದಿನವೇ ನಿಶ್ಚಯಿಸಿದೆ. ಏಳನೇ ಕ್ಲಾಸಿನವನು ಮೇಷ್ಟ್ರಾಗಿ ನಿಲ್ಲುವುದು, ಎದುರಿಗೆ ಬಿ.ಕಾಂ. ಕೂತು ಕೇಳುವುದು, ನೆನೆಸಿಕೊಂಡರೇ ಸಕ್ಕರೆ ಇಳಿದಂತಾಗುತ್ತಿತ್ತು.

ಶೇಖರ ಆರಿಸಿದ್ದು ಊಟವಾದ ಮೇಲೆ ಸ್ವಲ್ಪ ನಡೆಯುವುದು. ಅದೂ ಒಂದು ಕೆಲಸವೇ? ನಾನು ಎದ್ದು ನಿಂತು, ಚಹಾವನ್ನೇ ಬಿಟ್ಟೆ ಎಂದು ಸಾರಿದೆ. ಚಪ್ಪಾಳೆ ಬಿತ್ತು. ಆದರೆ ವಾರಗಳು ಕಳೆದಂತೆ ಅವನ ಸಕ್ಕರೆ ಇಳಿಯಿತು, ನನ್ನದು ಜಗ್ಗಲಿಲ್ಲ. ಹೀಗೇ ಆದರೆ ಇಂಜೆಕ್ಷನ್ನೇ ಗತಿ ಎಂದರು ಡಾಕ್ಟರು. ಸಕ್ಕರೆ ನೋಡುವ ನನ್ನ ಮಿಷನ್ ಹಾಳಾಗಿದೆಯೆಂದು ಶೇಖರನ ಮಿಷನ್ನಿನಲ್ಲಿ ನೋಡಿದೆ. ಅದೂ ಅಷ್ಟೇ ತೋರಿಸಿತು, ಅವನ ಕಡೆಯದೇ ತಾನೆ.

“ಭಾವ, ಚಾ ನಿಜಕ್ಕೂ ಬಿಟ್ಟಿದ್ದೀರಾ?” ಎಂದು ಅವನು ತರಗತಿಯಲ್ಲಿ ಎಲ್ಲರ ಎದುರೇ ಕೇಳಿದ.

“ಬಿಡದೆ? ಒಂದು ಗ್ಲಾಸೂ ಮುಟ್ಟಿಲ್ಲ ಮಾರಾಯ. ರುಚಿ ನೋಡುವುದು ಬೇರೆ.”

ಹೋಟೆಲಿನಲ್ಲಿ ಪ್ರತಿ ಕುದಿಯ ಚಹಾವನ್ನೂ ಯಜಮಾನ ಒಂದು ಸಾಸರ್ ಹೀರಿ ತಲೆಯಾಡಿಸಿದ ಮೇಲೆಯೇ ಗಿರಾಕಿಗೆ ಕೊಡುವುದು. ಅದನ್ನು ಯಾರೂ ಕುಡಿಯುವುದು ಎನ್ನುವುದಿಲ್ಲ, ಡ್ಯೂಟಿ ಎನ್ನುತ್ತಾರೆ. ಇದನ್ನು ವಿವರಿಸಿ, ಶೀರಾದ ಡ್ಯೂಟಿಯನ್ನೂ ಸೇರಿಸಿದೆ.

“ಅಣ್ಣಾರ, ನಾಲಿಗಿಗೆ ಡ್ಯೂಟಿ ಇರಬಹುದ್ರಿ,” ಎಂದರು ಸಿಸ್ಟರ್, “ಹೊಟ್ಟಿಗೆ ಅದು ಗೊತ್ತಿಲ್ಲಲ್ಲ.”

ಇಡೀ ಹಾಲ್ ನಕ್ಕಿತು. ಬಿಪಿಯ ಲೆಕ್ಕದಲ್ಲಿ ಬಂದಿದ್ದ ನನ್ನ ಹೆಂಡತಿ ಗಿರಿಜೆಯ ನಗು ಎಲ್ಲಕ್ಕಿಂತ ಜೋರು. ಆ ತರಗತಿಯಲ್ಲಿ ಉಪಾಯವನ್ನು ಬೇರೆಯವರು ಹೇಳುವಂತಿಲ್ಲ. “ಈಗ ಏನ್ ಮಾಡ್ತೀರಿ, ನೀವ ಹೇಳ್ರಿ,” ಎಂದು ಸಿಸ್ಟರ್ ಕೈಕಟ್ಟಿ ಕಾದರು. ರುಚಿ ನೋಡದಿದ್ದರೆ ಯಜಮಾನನಿಗೆ ಉಳಿಯುವುದೇನು? ಆದರೆ ಇಂಜೆಕ್ಷನ್ನಿನ ನೆನಪಾಯಿತು. ಇನ್ನು ರುಚಿಯನ್ನು ಗಿರಿಜೆಯೇ ನೋಡಲಿ ಎಂದೆ.

ಕಲಿಸುವ ಕೆಲಸ ಶೇಖರನಿಗೆ ಹೋಯಿತು. ಈಗ ಅವನು ಪ್ರತಿ ತಂಡಕ್ಕೂ ‘ನಮ್ಮ ಭಾವನ ಸಾಸರ್’ ಎಂದು ಪಾಠ ಮಾಡುತ್ತಾನಂತೆ. ಹಾಗೆಂದು ಎಲ್ಲ ಗೌರವವೂ ಅವನಿಗೇ ಹೋಯಿತೆನ್ನುವಂತಿಲ್ಲ. ಮೊನ್ನೆ ದಿವಾದಿಂದ ಬರುವ ಖಾಯಂ ಗಿರಾಕಿಯೊಬ್ಬ ಗಲ್ಲಾದಲ್ಲಿದ್ದ ಗಿರಿಜೆಯ ಹತ್ತಿರ ಬಂದು, “ವಹಿನಿ, ಆಜ್‌ಕಲ್ ಚಾಯ್ ಏಕ್‌ದಮ್ ಫಸ್ಟ್ ಕ್ಲಾಸ್,” ಎಂದ. ಗಿರಿಜೆ ನನ್ನ ಕಡೆ ನೋಡಲೂ ಇಲ್ಲ, ಚಿಲ್ಲರೆ ಕೊಟ್ಟಳು.

ಸದ್ಯ ನನಗಿರುವುದಿಷ್ಟು: ಒಂದು ಹೋಟೆಲ್, ಎರಡು ಹೊತ್ತಿನ ಮಾತ್ರೆ, ಹತೋಟಿಗೆ ಬಂದ ಸಕ್ಕರೆ. ಹೊಟ್ಟೆಕಿಚ್ಚು ಪಡಲು ಮೊದಲು ಒಬ್ಬನಿದ್ದ, ಈಗ ಅಕ್ಕ ತಮ್ಮ ಇಬ್ಬರು.