ಅಭ್ಯರ್ಥಿಯೂ ಅಲುಗಾಡುವ ಚಕ್ರವೂ

ತಾಲೂಕು ಬೋರ್ಡಿನ ಚುನಾವಣೆಗೆ ನಿಂತ ಕಡಬದ ವೆಂಕಟ್ರಮಣ ಗೌಡರು ಒಂದು ರಾತ್ರಿಗೆಂದು ಪಂಜದ ಕುಶಾಲಪ್ಪನ ಮನೆಗೆ ಬಂದವರು ವಾರ ಕಳೆದರೂ ಏಳಲಿಲ್ಲ. ಅವರನ್ನು ಊರಿಗೆ ಮುಟ್ಟಿಸೋಣವೆಂದರೆ ಕುಶಾಲಪ್ಪನ ಹಳೇ ಕಾರಿನ ಮುಂದಿನ ಚಕ್ರ ಗಡಗಡ ಅಲುಗಾಡುತ್ತಿತ್ತು. ಬಸ್ಸೆಂದರೆ ಗೌಡರಿಗೆ ಆಗದು.

"ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವನಿಗೆ ಯಾರು ವೋಟು ಹಾಕ್ತಾರೆ ಮಾರಾಯ್ರೆ? ಕಾರು ಸರಿಯಾಗಲಿ, ಹೋಗುವ" ಎನ್ನುತ್ತಾ ಅವರು ಇನ್ನೊಂದು ಕೋಳಿಕಾಲಿಗೆ ಕೈ ಹಾಕುತ್ತಿದ್ದರು.

ಗೂಡಿನಲ್ಲಿ ಹುಂಜವೊಂದೇ ಉಳಿದ ದಿನ ಹೆಂಡತಿ ಸೇವಂತಿ ಹೇಳಿಯೇಬಿಟ್ಟಳು: "ಇವತ್ತು ಒಂದೋ ಅವರು ಹೋಗ್ಬೇಕು, ಇಲ್ಲದಿದ್ರೆ ನಾನು ತವರಿಗೆ ಹೋಗುದು."

ಕುಶಾಲಪ್ಪ ಮುಂಡು ಎತ್ತಿ ಕಟ್ಟಿ, ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಬೇರಿಂಗಿಗೆ ಗ್ರೀಸು ಮೆತ್ತುವಷ್ಟರಲ್ಲಿ ನೆರೆಯ ಅಚ್ಚುತ ಹಾಜರು.

"ನಡುವಿನ ನಟ್ಟು ಗಟ್ಟಿ ಬಿಗಿ ಮಾಡು. ಸಡಿಲ ಆದ ಕಾರಣ ಅಲ್ವಾ ಅಲ್ಲಾಡುದು?"

ಬಿಗಿದು, ಶಾಲೆಯ ತಿರುವಿನವರೆಗೆ ಹೋಗಿ ಬರುವಾಗ ಚಕ್ರದ ನಡುಭಾಗ ದೋಸೆಕಲ್ಲಿನಂತೆ ಕಾದು ಹೊಗೆಯಾಡಿತು.

ಹೊಗೆ ಕಂಡು ಬಟ್ಟೆ ವ್ಯಾಪಾರದ ಆದಂ ಕುಂಞಿ ಓಡಿ ಬಂದರು. "ಅಷ್ಟು ಬಿಗಿದ್ರೆ ಸುಡುದೇ! ಪೂರ್ತಿ ಸಡಿಲ ಬಿಡಿ" ಎಂದವರೇ ಬಿಳೀ ಮುಂಡಿನಲ್ಲಿ ಗ್ರೀಸಿನ ಡಬ್ಬದ ಮೇಲೆ ಕೂತರು.

ಸಡಿಲ ಬಿಟ್ಟ. ಕಾರು ಕದ್ದು ಕುಡಿದವನಂತೆ ತೂರಾಡಿ ಅಚ್ಚುತನ ಬಸಳೆ ಚಪ್ಪರಕ್ಕೆ ನುಗ್ಗಿತು.

"ಬಿಗಿ ಮಾಡ್ಲಿಕ್ಕೆ ನಾನು ಹೇಳ್ಲಿಲ್ವಾ?" ಅಚ್ಚುತ ಕಿರುಚಿದ.

"ಸಡಿಲ ಸಾಕಾಗ್ಲಿಲ್ಲ" ಎಂದರು ಆದಂ ಕುಂಞಿ.

ಇಬ್ಬರೂ ಜಗಳಕ್ಕೆ ಬಿದ್ದದ್ದೇ ಪುಣ್ಯ. ಕುಶಾಲಪ್ಪ ಕಾರು ಹಿಂದೆ ತೆಗೆದು, ಮತ್ತೆ ಜಾಕ್ ಕೊಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಅದು ಬಿಗಿ ಹಿಡಿಯುವವರೆಗೆ ನಟ್ಟು ತಿರುಪಿದ. ಮತ್ತೆ ಕೂದಲೆಳೆಯಷ್ಟು ಸಡಿಲಿಸಿ, ನಟ್ಟು ಕದಲದಂತೆ ಪಿನ್ನು ಹಾಕಿದ. ಅಲುಗಾಡಿಸಿದರೆ ಅಲುಗಲಿಲ್ಲ, ತಳ್ಳಿದರೆ ಬೆಣ್ಣೆಯಂತೆ ತಿರುಗಿತು.

ಸೇವಂತಿಯೇ ಗೌಡರ ಚೀಲ ತಂದು ಕಾರಿನಲ್ಲಿಟ್ಟಳು. ಕಡಬ ಬರುವವರೆಗೆ ಒಂದು ಕುಲುಕಾಟವಿಲ್ಲ. ಕುಶಾಲಪ್ಪನಿಗೆ ಹಾಡಬೇಕೆನಿಸಿತು. ಆದರೆ ಮನೆಯೆದುರು ನಿಲ್ಲಿಸಿದರೂ ಗೌಡರು ಇಳಿಯಲಿಲ್ಲ.

"ಎಂತ ಚಂದ ಓಡ್ತದೆ ಮಾರಾಯ್ರೆ! ಓಡಾಟಕ್ಕೆ ವಾಹನ ಇಲ್ಲ ಅಂತ ನಾನು ನಾಮಪತ್ರ ಹಿಂದೆ ತೆಗೆಯುವ ಅಂತ ಇದ್ದೆ. ಈಗ ಬಿಡುದುಂಟಾ? ವೋಟಿನ ದಿನದವರೆಗೆ ನಿಮ್ಮ ಕಾರಲ್ಲೇ ಪ್ರಚಾರ, ನಿಮ್ಮ ಮನೆಯೇ ಆಫೀಸು!"

ಅವರು ಕೂತಲ್ಲಿಂದಲೇ ಮನೆಯತ್ತ ಕೂಗಿದ್ದೇ ತಡ, ನಾಲ್ಕು ಮಂದಿ ಬೆಂಬಲಿಗರು ಚಾಪೆ ಸುತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ತುಂಬಿಕೊಂಡರು.

ವಾಪಸು ಬರುವಾಗ ಹೊಂಡ ಕಂಡಲ್ಲೆಲ್ಲ ಕುಶಾಲಪ್ಪ ಬೇಕೆಂದೇ ಕಾರು ಇಳಿಸಿದ. ಚಕ್ರ ಚಕಾರವೆತ್ತಲಿಲ್ಲ.