ಇಲ್ಲ ಅನ್ನಬಾರದ ಮನೆ

ಆಂಧ್ರದ ಗಡಿಯೊಳಗಿನ ಆದೋನಿಯಲ್ಲಿ ಪ್ರೋಗ್ರಾಮಿಂಗ್ ಕಲಿಸುವವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ನಗು ಬೇಡವೆಂದರೂ ಬಿಡುವುದಿಲ್ಲ. ಹೆಂಡತಿ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. 'ಆಕೆ ಇಲ್ಲ' ಎಂಬ ಮಾತು ನನ್ನ ಬಾಯಿಂದ ಈವರೆಗೂ ಹೊರಟಿಲ್ಲ. ತರಗತಿಯಲ್ಲಿ ಮಾತ್ರ ದಿನವೂ ಕಲಿಸುವುದು 'ಇಲ್ಲ' ಅನ್ನುವುದನ್ನೇ.

ಪ್ರೋಗ್ರಾಮಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ತುಣುಕಿಗೆ ಫಂಕ್ಷನ್ ಅನ್ನುತ್ತಾರೆ. ಸಂಖ್ಯೆ ಕೊಡುತ್ತೇನೆಂದು ಒಪ್ಪಿಕೊಂಡರೆ ಸಂಖ್ಯೆಯನ್ನೇ ಕೊಡಬೇಕು. ಕೆಲವೊಮ್ಮೆ 'ಇಲ್ಲ' ಎನ್ನುವುದಿದ್ದರೆ 'ಸಂಖ್ಯೆ ಅಥವಾ ಇಲ್ಲ' ಎಂದು ಮೊದಲೇ ಬರೆಯಬೇಕು. ಕೇಳಿದವನು ಎರಡಕ್ಕೂ ತಯಾರಿರಬೇಕು.

ಕುರಿ ಲೆಕ್ಕ

ಚಿಪ್ಪಗಿರಿ ಕಡೆಯ ಕುರಿಗಾರರ ಹುಡುಗನಿಗೆ ಮನೆಯ ಕುರಿ ಎಷ್ಟೆಂದು ಹೇಳುವ ಫಂಕ್ಷನ್ ಬರೆಯಲು ಹೇಳಿದೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಗೆರೆ. ಸಂಖ್ಯೆಯ ಜಾಗದಲ್ಲಿ 'ದೇವರು ಕೊಟ್ಟಷ್ಟು' ಎಂದು ಬರೆದಿದ್ದ.

"ನಂಬರ್ ಬರಿಯೋ ಮಾರಾಯ."

"ಕುರಿ ಎಷ್ಟದಾವಂತ ಹೊರಗ ಹೇಳಿದ್ರ ದೃಷ್ಟಿ ಆಗತೈತ್ರಿ ಸಾರ್. ಹೇಳಿದ್ರ ನಮ್ಮಪ್ಪ ಬಿಡಂಗಿಲ್ಲ, ಹೇಳ್ದಿದ್ರ ಕಂಪ್ಯೂಟರ್ ಬಿಡವಲ್ದು."

"ಇಬ್ಬರಾಗ ಯಾರಿಗೆ ಹೆದರ್ತಿ?"

"ಕಂಪ್ಯೂಟರ್ ಕೈಯಾಗ ಕೋಲಿಲ್ರಿ ಸಾರ್."

ತುಂಬಿದ ಅಕ್ಕಿ

ಮದ್ದಿಕೇರದ ಹುಡುಗಿ ತಮ್ಮ ಕಿರಾಣಿ ಅಂಗಡಿಗೆ ಪ್ರೋಗ್ರಾಮ್ ಬರೆದಳು. ಸಾಮಾನಿದ್ದರೆ ಎಷ್ಟು ಕಿಲೋ ಎಂದು, ಮುಗಿದಿದ್ದರೆ 'ಇಲ್ಲ' ಎಂದು. ಆದರೆ ನಮ್ಮ ಕಡೆ ಅಕ್ಕಿ, ಉಪ್ಪು, ಸಕ್ಕರೆ ತೀರಿದರೆ ಇಲ್ಲ ಅನ್ನುವುದಿಲ್ಲ, 'ತುಂಬೈತಿ' ಅನ್ನುತ್ತೇವೆ. ತೆಲುಗಿನವರದೂ ಅದೇ ಪದ್ಧತಿ. ಪರದೆಯಲ್ಲಿ 'ಅಕ್ಕಿ ಇಲ್ಲ' ಎಂದು ಕಂಡದ್ದೇ ಅಜ್ಜಿ ಊಟ ಬಿಟ್ಟಳು. ಮೊಮ್ಮಗಳು 'ತುಂಬೈತಿ' ಎಂದು ತಿದ್ದಿದಳು. ಅಂಗಡಿಗೆ ಸಾಮಾನು ತರಿಸುವ ಅವಳ ಅಣ್ಣ ಅದನ್ನು ನೋಡಿ ಅಕ್ಕಿಯನ್ನೇ ತರಿಸಲಿಲ್ಲ.

"ಅಜ್ಜಿ ಅಂದಿದ್ರ ತಿಳೀತಿತ್ತು," ಅಂದನಂತೆ. "ಕಂಪ್ಯೂಟರಿಗೂ ಅಜ್ಜಿ ಬುದ್ಧಿ ಬಂದೈತಂತ ನನಗೇನು ಗೊತ್ತು?"

ಎಲ್ಲರೂ ನಕ್ಕರು. ಇಲ್ಲದ್ದನ್ನು ಇಲ್ಲ ಅಂತಲೇ ಹೇಳಬೇಕೆಂದು ನಾನು ಗಟ್ಟಿಯಾಗಿ ಹೇಳಿ, ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಬರ್ತಾಳ, ಕುಂದರ್ರಿ

ಹೋದ ವಾರ ಮನೆಗೆ ಬಂದರೆ, ರೇಷನ್ ಕಾರ್ಡಿನಲ್ಲಿ ಹೆಸರಿದ್ದವರ ಬೆರಳಚ್ಚು ತಗೊಳ್ಳಲು ಬಂದ ನೌಕರ ಪಡಸಾಲೆಯಲ್ಲಿ ಕೂತಿದ್ದ. ಮುಂದೆ ಖಾಲಿಯಾದ ಮಂಡಕ್ಕಿ ಒಗ್ಗರಣೆ ತಟ್ಟೆ, ಚಹಾದ ಲೋಟ. "ಸೊಸಿ ಬರ್ತಾಳ, ಕುಂದರ್ರಿ" ಎಂದು ಅವ್ವ ಕೂಡಿಸಿದ್ದಳು.

ಅಡಿಗೆಮನೆಗೆ ಹೋಗಿ, "ಹಂಗ್ಯಾಕ ಹೇಳ್ದೆವ್ವ?" ಅಂದೆ.

"ದವಾಖಾನಿಗೆ ಹೋಗುವಾಗ 'ಬರ್ತೀನತ್ತಿ' ಅಂತ ಹೇಳೇ ಹೋಗ್ಯಾಳಲ್ಲೋ."

ಹೊರಗೆ ಬಂದೆ.

"ಸಾರ್, ಮೇಡಮ್ಮಾರು ಅದಾರೋ ಇಲ್ಲೋ, ಎರಡ್ರಾಗ ಒಂದು ಒತ್ತಬೇಕ್ರಿ," ಅಂದ ನೌಕರ.

ಎರಡು ಉತ್ತರಕ್ಕೂ ತಯಾರಾಗಿ ಕೂತಿದ್ದ ಮನುಷ್ಯ. ಬಾಯಿ ತೆರೆದೆ.

"ಇನ್ನೊಂದು ಚಾ ಕುಡೀರಿ," ಅಂದೆ.

ಒಳಗಿನಿಂದ ಅವ್ವ ಕೂಗಿದಳು: "ಸಕ್ಕರಿ ತುಂಬೈತೋ!"

ಆತ ನಕ್ಕ. ನಾನೂ ನಕ್ಕೆ. ನನ್ನ ನಗು ಅರ್ಧದಲ್ಲೇ ಅಳುವಾಯಿತು. ಆತ ನನ್ನ ಮುಖವನ್ನೊಮ್ಮೆ ನೋಡಿ, ಮಷಿನ್‌ನಲ್ಲಿ ಮತ್ತೆ ಕೇಳದೆ ತಾನೇ ಎರಡನೆಯ ಬಟನ್ ಒತ್ತಿ, ಮೆಲ್ಲಗೆ ಎದ್ದ.

"ಬರ್ತೀನ್ರಿ ಸಾರ್," ಅಂದು ಹೋದ.