ಗಾಳಿ ವಿಭಾಗದ ಪೆಟ್ಟಿಗೆಯು ವರ್ಗಾವಣೆಯಿಲ್ಲದೆ ಕಳಲೆ ಅಳೆದ ಬಗ್ಗೆ

ಸಂಖ್ಯೆ: ವಿಕಿ/ಪೆಟ್ಟಿಗೆ/ಕಳಲೆ/14
ಸ್ಥಳ: ಕುನೋಹರ ಪಟ್ಟಣ ಕಚೇರಿ, ಎರಡನೇ ಮಹಡಿ
ದಿನಾಂಕ: ರೇವಾ ಶಕೆ 6 (2024), ಮೇ 2

ವಿಷಯ: ವಿಕಿರಣ ಪತ್ತೆ ಪೆಟ್ಟಿಗೆಯು ಗುಂಡಿ ಒತ್ತಿದ ಮಾತ್ರಕ್ಕೆ ಕೆಲಸ ಬದಲಿಸಿಬಿಡುವ ದುರಭ್ಯಾಸವನ್ನು ತಡೆಗಟ್ಟುವ ಕುರಿತು.

ಉಲ್ಲೇಖ: (ಅ) ಗಾಳಿ ವಿಭಾಗದ ಮುಖ್ಯಸ್ಥ ಕುರೋಸು ಅವರ ದೂರು. (ಆ) ಸದರಿ ದೂರಿನ ಬಗ್ಗೆ ಅವರದೇ ಜ್ಞಾಪನ. (ಇ) ಜ್ಞಾಪನಕ್ಕೆ ಉತ್ತರ ಬಾರದ ಕಾರಣ ಊಟದ ಕೋಣೆಯಲ್ಲಿ ಅವರು ತೋರಿದ ಮೌನ.

ಪಟ್ಟಣದ ಪರೀಕ್ಷಾ ಕೇಂದ್ರದ ಎಂಜಿನಿಯರ್ ಹಚಿಯಾ ಸುಮಿನೋ ಅವರು ವಿನ್ಯಾಸಗೊಳಿಸಿದ ಸದರಿ ಪೆಟ್ಟಿಗೆಗೆ ತಿರುಪಿಲ್ಲ, ಮುಚ್ಚಳವಿಲ್ಲ. ತೇವ, ಧೂಳು ಒಳಹೋಗದಂತೆ ಸುತ್ತಲೂ ಬೆಸೆಯಲಾಗಿದೆ. ಹಾಗಿದ್ದೂ ಹೊರಗಿನಿಂದ ಗುಂಡಿ ಒತ್ತಿ ವಿದ್ಯುನ್ಮಾನ ಸಂಕೇತ ಕಳುಹಿಸಿದರೆ ಸಾಕು, ಅದು ಗಾಳಿಯ ವಿಕಿರಣ ಅಳೆಯುವುದನ್ನು ಬಿಟ್ಟು ತರಕಾರಿಯದನ್ನು, ತರಕಾರಿ ಬಿಟ್ಟು ಗುಜರಿ ಕಬ್ಬಿಣದ್ದನ್ನು ಅಳೆಯತೊಡಗುತ್ತದೆ. ಗಾಳಿ, ತರಕಾರಿ, ಗುಜರಿ ಇವು ಬೇರೆ ಬೇರೆ ವಿಭಾಗಗಳ ಸ್ವತ್ತು. ಆದುದರಿಂದ ಕೆಲಸ ಬದಲಾದ ಪೆಟ್ಟಿಗೆಯನ್ನು ವರ್ಗವಾದ ನೌಕರನೆಂದೇ ಪರಿಗಣಿಸಬೇಕೆಂದು ಏಪ್ರಿಲ್ ವರ್ಗಾವಣೆಗಳ ವೇಳೆ ತೀರ್ಮಾನಿಸಲಾಗಿತ್ತು. ವರ್ಗಾವಣೆ ಪತ್ರದ ಮೇಲೆ ಎಲ್ಲ ಅಧಿಕಾರಿಗಳ ಕೆಂಪು ಮುದ್ರೆ ಬೀಳತಕ್ಕದ್ದು. ಕಿರಿಯರ ಮುದ್ರೆ ಹಿರಿಯರ ಮುದ್ರೆಯ ಕಡೆಗೆ ತುಸು ಬಾಗಿರತಕ್ಕದ್ದು. ನೆಟ್ಟಗೆ ನಿಂತ ಮುದ್ರೆ ಉದ್ಧಟತನವಾಗುತ್ತದೆ.

ಹೀಗಿರುವಲ್ಲಿ, ಕಳೆದ ಶುಕ್ರವಾರ, ಸಂತೆಯ ಬೆಳಿಗ್ಗೆ, ನಿಶಿಗೋರಿ ತಮೆ ಎಂಬ ವೃದ್ಧೆಯು ಆಗತಾನೆ ಅಗೆದ ಕಳಲೆಯ ಬುಟ್ಟಿ ಹೊತ್ತು ಕೇಂದ್ರಕ್ಕೆ ಬಂದಿರುತ್ತಾರೆ. ವಿಕಿರಣ ಪರೀಕ್ಷೆಯ ಚೀಟಿಯಿಲ್ಲದೆ ಸಂತೆಯಲ್ಲಿ ಕಳಲೆ ಮಾರುವಂತಿಲ್ಲ. ಚೀಟಿ ಸಿಗದೆ ಹಿಂದಿನ ವಾರ ಅವರ ಜಾಗ ಖಾಲಿ ಉಳಿದಿತ್ತು. ಆ ವಾರವೂ ಖಾಲಿಯಾದರೆ ಅದು ಉಪ್ಪಿನಕಾಯಿಯವರ ಪಾಲಾಗುವುದು ಸಂತೆಯ ಕಟ್ಟಳೆ. ಕಳಲೆಯೋ, ಮಧ್ಯಾಹ್ನದೊಳಗೆ ತೌಡಿನ ನೀರಿನಲ್ಲಿ ಬೇಯಿಸದಿದ್ದರೆ ಒಗರಾಗುವ ಪದಾರ್ಥ. ಪೆಟ್ಟಿಗೆಯು ಅಂದು ಗಾಳಿ ವಿಭಾಗದ ಸೇವೆಯಲ್ಲಿತ್ತು.

"ಅಜ್ಜಿ, ನಿಮ್ ಕಳಲೆಗೆ ಪೆಟ್ಟಿಗೆ ವರ್ಗ ಮಾಡೋ ಪತ್ರ ಮೇಲಕ್ಕೆ ಹೋಗಿದೆ. ಇಳಿದು ಬರ್ಬೇಕಲ್ವಾ," ಎಂದು ಕುರೋಸು ಅವರು ನಿಯಮಾನುಸಾರ ತಿಳಿಸಿದ್ದಾರೆ. ಅದಕ್ಕೆ ಸದರಿ ವೃದ್ಧೆಯು, "ಮೆಟ್ಲು ಇಳಿಯೋಕೆ ನಂಗೇ ಇಷ್ಟು ಹೊತ್ತಾಗಲ್ಲ, ಮುಖ್ಯಸ್ಥರೇ. ನಂಗೆ ಮಂಡಿ ನೋವು ಬೇರೆ," ಎಂದಿರುತ್ತಾರೆ. ಬಳಿಕ ಎಂಜಿನಿಯರ್ ಕಡೆ ತಿರುಗಿ, "ಹಚಿಯಾ-ಸಾನ್, ಗಾಳಿ ಎಲ್ಲಿಗೂ ಹೋಗಲ್ಲ ಕಣಮ್ಮ. ಕಳಲೆ ಕಾಯಲ್ಲ," ಎಂದು ಹೇಳಿರುವುದು ದೃಢಪಟ್ಟಿದೆ. ಇಲಾಖೆಗೆ ಈ ಮಾತುಗಳಿಂದ ಬಹಳ ನೋವಾಗಿದೆ, ವಿಶೇಷವಾಗಿ ಅವು ನಿಜವಾಗಿರುವುದರಿಂದ.

ಹಚಿಯಾ ಅವರು ತಮ್ಮ ವಿವರಣೆಯಲ್ಲಿ, "ಅಜ್ಜಿ ಕೈಯಲ್ಲಿನ್ನೂ ಮಣ್ಣಿತ್ತು. ಹೊಟ್ಟೆ ಚುರ್ ಅಂತು. ತರಕಾರಿ ಗುಂಡಿ ಒತ್ತಿಬಿಟ್ಟೆ," ಎಂದಿದ್ದಾರೆ. ಹೊಟ್ಟೆ ಚುರ್ ಎನ್ನುವುದನ್ನು ರಜೆಯ ನಿಯಮಗಳಲ್ಲಿ ಮಾತ್ರ ಮಾನ್ಯ ಮಾಡಲಾಗಿದೆ. ಪೆಟ್ಟಿಗೆಯು ಕಳಲೆ ಸುರಕ್ಷಿತವೆಂದು ಚೀಟಿ ನೀಡಿದ್ದು, ವೃದ್ಧೆಯು ಹೊತ್ತಿಗೆ ಸರಿಯಾಗಿ ಸಂತೆ ತಲುಪಿ ಬುಟ್ಟಿ ಖಾಲಿ ಮಾಡಿರುತ್ತಾರೆ. ಯಾವುದೇ ಅನಾಹುತ ಸಂಭವಿಸಿಲ್ಲವಾದ್ದರಿಂದ ಪ್ರಕರಣವು ಇನ್ನಷ್ಟು ಗಂಭೀರವಾಗಿದೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ವರ್ಗವಾದ ಪೆಟ್ಟಿಗೆಯನ್ನು ಮೇಜಿನಿಂದ ಮೇಜಿಗೆ ಹೊತ್ತೊಯ್ದು, ಇಷ್ಟು ದಿನ ಸಾಕಿ ಸಲಹಿದ್ದಕ್ಕೆ ವಂದನೆ ಸಲ್ಲಿಸತಕ್ಕದ್ದು. ಅದರ ಪರವಾಗಿ ಎಲ್ಲರಿಗೂ ಮೋಚಿ ಎಂಬ ಹೂರಣದ ಅಕ್ಕಿ ಸಿಹಿ ಹಂಚತಕ್ಕದ್ದು.

2. ಬೀಳ್ಕೊಡುಗೆ ಔತಣದಲ್ಲಿ ಪೆಟ್ಟಿಗೆಯ ಮೇಲೆ ಸಾಕೆ ಮದ್ಯ ಸುರಿಯಬಾರದು. ಸುತ್ತಲೂ ಬೆಸೆದಿರುವುದರಿಂದ ಅದು ಕುಡಿಯಲಾರದು. ಅದರ ಪಾಲನ್ನು ಹಾಜರಿರುವ ಹಿರಿಯ ಅಧಿಕಾರಿಯು ಕರ್ತವ್ಯಪ್ರಜ್ಞೆಯಿಂದ ಸ್ವೀಕರಿಸತಕ್ಕದ್ದು.

3. ಹೊಸ ವಿಭಾಗಕ್ಕೆ ಬಂದ ಪೆಟ್ಟಿಗೆಯು ಹೊಸಬನೆಂಬುದನ್ನು ಮರೆಯಬಾರದು. ಅಳತೆ ಗೊತ್ತಿದ್ದರೂ ಹಿರಿಯರು ಊಹಿಸುವವರೆಗೆ ಸುಮ್ಮನಿರತಕ್ಕದ್ದು. ಹಿರಿಯರ ಊಹೆ ತಪ್ಪಾದಲ್ಲಿ ಮೆಲ್ಲಗೆ ಸದ್ದು ಮಾಡಬಹುದು.

4. ಮುಂದಿನ ಪೆಟ್ಟಿಗೆಗಳನ್ನು ಸೊಂಟದಲ್ಲಿ ಬಾಗಿ ನಮಸ್ಕರಿಸುವಂತೆ ವಿನ್ಯಾಸಗೊಳಿಸತಕ್ಕದ್ದು. ಬಾಗಿದರೆ ಬೆಸುಗೆ ಬಿಟ್ಟು ಒಳಗೆಲ್ಲ ತೇವ ಹೋಗುತ್ತದೆಂದು ಹಚಿಯಾ ಅವರು ಆಕ್ಷೇಪಿಸಿದ್ದಾರೆ. ಇಲಾಖೆಯಲ್ಲಿ ಎಲ್ಲರೂ ಬಾಗುತ್ತಿದ್ದು, ಯಾರ ಒಳಗೂ ತೇವ ಕಂಡುಬಂದಿಲ್ಲ.

5. ಸದರಿ ಪೆಟ್ಟಿಗೆಯನ್ನು ಕೂಡಲೇ ಗಾಳಿ ವಿಭಾಗಕ್ಕೆ ಹಿಂತಿರುಗಿಸಿ, ಇನ್ನೆಂದೂ ತರಕಾರಿ ಅಳೆಯದಂತೆ ಸಂಕೇತ ನೀಡತಕ್ಕದ್ದು. ಸಂಕೇತ ಹಚಿಯಾ ಅವರಿಗೊಬ್ಬರಿಗೇ ತಿಳಿದಿದೆ.

6. ಮೇಲಿನ ಅಂಶದ ಬಗ್ಗೆ ಹಚಿಯಾ ಅವರು ಕುರೋಸು ಅವರಿಗೆ ಮೌಖಿಕವಾಗಿ, "ಆಗ್ಲಿ ಮುಖ್ಯಸ್ಥರೇ. ಇದೂ ವರ್ಗಾವಣೆನೇ ತಾನೇ? ಮೊದ್ಲು ಪತ್ರಕ್ಕೆ ಎಲ್ಲರ ಮುದ್ರೆ ಬೀಳ್ಲಿ, ಬಿದ್ದ ತಕ್ಷಣ ಒತ್ತುತೀನಿ," ಎಂದಿರುತ್ತಾರೆ. ಇಲಾಖೆ ಚಾಪೆಯ ಕೆಳಗೆ ನುಸುಳಿದರೆ ಇವರು ರಂಗೋಲಿಯ ಕೆಳಗೆ ನುಸುಳಿದ್ದಾರೆ. ಸತತ ಸಭೆಗಳ ನಂತರವೂ ಈ ಉತ್ತರದಲ್ಲಿ ದೋಷ ಕಂಡುಹಿಡಿಯಲಾಗಿಲ್ಲ. ಪತ್ರವನ್ನು ಮೇಲಕ್ಕೆ ಕಳುಹಿಸಲಾಗಿದೆ. ನಾಳೆಯಿಂದ ಸಾಲು ರಜೆ. ಆಮೇಲೆ ಉಪನಿರ್ದೇಶಕರ ಬಿಸಿನೀರಿನ ಬುಗ್ಗೆಯ ಪ್ರವಾಸ. ಕಳಲೆಯ ಕಾಲ ಮುಗಿದ ಮೇಲೆ ಪತ್ರವು ಇಳಿದು ಬರುವ ನಿರೀಕ್ಷೆಯಿದೆ.

7. ಅಲ್ಲಿಯವರೆಗೆ ಪೆಟ್ಟಿಗೆಯು ತರಕಾರಿ ವಿಭಾಗದಲ್ಲೇ ಮುಂದುವರಿಯತಕ್ಕದ್ದು. ಬುಟ್ಟಿ ಹೊತ್ತು ಸಾಲಿನಲ್ಲಿ ನಿಲ್ಲುವ ಸಾರ್ವಜನಿಕರು ಕುರೋಸು ಅವರನ್ನು ಕಂಡು ನಗತಕ್ಕದ್ದಲ್ಲ.

(ಸಹಿ)
ಇಲಾಖಾ ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ರಜೆಗೆ ಹೊರಟಾಗಿರುವ ಕಾರಣ)

ಪ್ರತಿಗಳು:
ಕುರೋಸು ಅವರಿಗೆ, ಸಮಾಧಾನಕ್ಕಾಗಿ.
ಹಚಿಯಾ ಅವರಿಗೆ, ಎಚ್ಚರಿಕೆಗಾಗಿ. ಇದನ್ನು ಗೋಡೆಗೆ ಅಂಟಿಸಿಕೊಳ್ಳಬಾರದು.
ಉಪ್ಪಿನಕಾಯಿಯವರಿಗೆ, ಬೇರೆ ಜಾಗ ನೋಡಿಕೊಳ್ಳಲು.
ನಿಶಿಗೋರಿ ತಮೆ ಅವರಿಗೆ: ಸಂತೆಯ ಜಾಗವು ಎಂದಿನಂತೆ ತಮ್ಮದೇ ಎಂಬುದನ್ನು ಅತೀವ ವಿಷಾದದೊಂದಿಗೆ ತಿಳಿಸಲಾಗಿದೆ.